ಬಾಂಗ್ಲಾದೇಶದ ಕುಷ್ಟಿಯಾದ ಸೋನೋ ಫಿಲ್ಟರ್ ನಮ್ಮ ಫ್ಲೋರೈಡ್ ನೀರಿಗೆ ಒದಗುತ್ತದೆಯೇ?

ಪ್ರಶ್ನೆ: ಪಾವಗಡದ ಅಧ್ಯಾಪಕಿ

ಎಲ್ಲರಿಗೂ ನಮಸ್ಕಾರ. ನಾನು ಪಾವಗಡದ ಕಡೆ ಪದವಿ ತರಗತಿಗಳಿಗೆ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ನನ್ನ ತರಗತಿಯ ಮುಂದಿನ ಬೆಂಚಿನಲ್ಲಿ ಕೂರುವ ಒಬ್ಬ ಹುಡುಗಿ ಉತ್ತರ ಹೇಳಲು ಎದ್ದಾಗಲೆಲ್ಲ ವೇಲಿನ ಅಂಚನ್ನು ಬಾಯಿಗೆ ಅಡ್ಡ ಹಿಡಿಯುತ್ತಾಳೆ. ಅವಳ ಹಲ್ಲುಗಳ ಮೇಲೆ ಕಂದು ಗೆರೆಗಳಿವೆ. ಕೊಳವೆಬಾವಿಯ ಫ್ಲೋರೈಡ್ ನೀರು ಕುಡಿದು ಬೆಳೆದ ನಮ್ಮ ಭಾಗದ ಮಕ್ಕಳಲ್ಲಿ ಇದು ಅಪರೂಪವಲ್ಲ. ಈ ವರ್ಷ ಅವಳೂ ಸೇರಿ ನಾಲ್ವರು ವಿದ್ಯಾರ್ಥಿಗಳು ಅಧಿಶೋಷಣೆಯಿಂದ, ಅಂದರೆ ಒಂದು ವಸ್ತುವಿನ ಮೇಲ್ಮೈಗೆ ಅಂಟಿಸಿಕೊಂಡು, ಫ್ಲೋರೈಡ್ ತೆಗೆಯುವ ವಿಷಯವನ್ನೇ ಪ್ರಾಜೆಕ್ಟಿಗೆ ಆರಿಸಿಕೊಂಡಿದ್ದಾರೆ.

ಮೊದಲು ನಾವು ಬಟ್ಟಿ ಇಳಿಸಿದ ನೀರಿನಲ್ಲಿ ಸೋಡಿಯಂ ಫ್ಲೋರೈಡ್ ಕರಗಿಸಿ, ಅದಕ್ಕೆ ಆಕ್ಟಿವೇಟೆಡ್ ಅಲ್ಯೂಮಿನಾ (ರಂಧ್ರಗಳುಳ್ಳ ಅಲ್ಯೂಮಿನಿಯಂ ಆಕ್ಸೈಡ್) ಹಾಕಿ ಎರಡು ಗಂಟೆ ಕಲಕಿದೆವು. ಹೆಚ್ಚುಕಡಿಮೆ ಎಲ್ಲ ಫ್ಲೋರೈಡೂ ಹೋಯಿತು. ಮಕ್ಕಳ ಸಂತೋಷಕ್ಕೆ ಪಾರವಿರಲಿಲ್ಲ. ಮರುವಾರ ಅದೇ ಹುಡುಗಿಯ ಊರಿನ ಕೊಳವೆಬಾವಿಯ ನೀರು ತಂದು, ಅಷ್ಟೇ ಅಲ್ಯೂಮಿನಾ ಹಾಕಿ, ಅಷ್ಟೇ ಹೊತ್ತು ಕಲಕಿದಾಗ ಅರ್ಧದಷ್ಟೂ ಇಳಿಯಲಿಲ್ಲ. ಆ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ ಸುಮಾರು 3 ಮಿಲಿಗ್ರಾಂ ಇದೆ, ಪಿಎಚ್ 8.2, ಕ್ಷಾರೀಯತೆ (ಮುಖ್ಯವಾಗಿ ಬೈಕಾರ್ಬೊನೇಟ್‌ನಿಂದ ಬರುವುದು) ಲೀಟರಿಗೆ 400 ಮಿಲಿಗ್ರಾಂಗಿಂತ ಮೇಲಿದೆ. ಮೂರು ಸಲ ಮಾಡಿದರೂ ಫಲಿತಾಂಶ ಬದಲಾಗಲಿಲ್ಲ.

ಇದೇ ಹೊತ್ತಿನಲ್ಲಿ ಬಾಂಗ್ಲಾದೇಶ ಮೂಲದ ರಸಾಯನ ವಿಜ್ಞಾನಿ ಅಬುಲ್ ಹುಸ್ಸಾಮ್ ಅವರ ಸೋನೋ ಫಿಲ್ಟರ್ ಬಗ್ಗೆ ಓದಿದೆ. ಎರಡು ಬಕೆಟ್ಟು, ಮರಳು, ಇದ್ದಿಲು, ಇಟ್ಟಿಗೆ ಚೂರು, ಕಬ್ಬಿಣ; ಇಷ್ಟರಲ್ಲೇ ಆರ್ಸೆನಿಕ್‌ನಂಥ ವಿಷವನ್ನು ವರ್ಷಗಟ್ಟಲೆ ಹಿಡಿದಿಡುವುದು ಸಾಧ್ಯವಾಗಿದ್ದರೆ, ನಮ್ಮ ಫ್ಲೋರೈಡಿಗೆ ಅದೇ ದಾರಿ ಏಕೆ ಆಗಬಾರದು? ನಮ್ಮ ಪ್ರಯೋಗದಲ್ಲಿ ತಪ್ಪಿದ್ದೆಲ್ಲಿ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು. ಇಲ್ಲಿನ ಉತ್ತರಗಳನ್ನು ವಿದ್ಯಾರ್ಥಿಗಳಿಗೆ ಓದಿ ಹೇಳುವವಳಿದ್ದೇನೆ.

ಉತ್ತರ 1: ನೀರಿನ ಪ್ರಯೋಗಾಲಯದಿಂದ ನಿವೃತ್ತ

ಮೇಡಂ, ನಿಮ್ಮ ಪ್ರಯೋಗದಲ್ಲಿ ತಪ್ಪೇನೂ ಆಗಿಲ್ಲ. ಎರಡನೆಯ ವಾರ ಬಂದ ಫಲಿತಾಂಶವೇ ನಿಜವಾದ ಫಲಿತಾಂಶ, ಮೊದಲನೆಯ ವಾರದ್ದು ಅಲ್ಯೂಮಿನಾಕ್ಕೆ ಯಾವ ಎದುರಾಳಿಯೂ ಇಲ್ಲದ ಕಣದಲ್ಲಿ ಸಿಕ್ಕ ಗೆಲುವು. ಮಕ್ಕಳಿಗೆ ಇದನ್ನು ಮೊದಲು ಹೇಳಿ, ಅವರು ಕುಗ್ಗಬಾರದು.

ಅಧಿಶೋಷಣೆ ಎಂದರೆ ಸ್ಪಂಜು ನೀರು ಕುಡಿದಂತೆ ಒಳಕ್ಕೆ ಹೀರಿಕೊಳ್ಳುವುದಲ್ಲ. ಒದ್ದೆ ಕೈಗೆ ರಾಗಿ ಹಿಟ್ಟು ಮೆತ್ತಿಕೊಂಡಂತೆ ಮೇಲ್ಮೈಗೆ ಅಂಟಿಕೊಳ್ಳುವುದು. ಒಳ್ಳೆಯ ಸಕ್ರಿಯ ಇದ್ದಿಲಿನ ಒಂದೇ ಒಂದು ಗ್ರಾಂನಲ್ಲಿ, ಅದರ ಸೂಕ್ಷ್ಮ ರಂಧ್ರಗಳ ಗೋಡೆಗಳನ್ನೆಲ್ಲ ಸೇರಿಸಿದರೆ, ಸಾವಿರ ಚದರ ಮೀಟರ್ ಮೇಲ್ಮೈ ಸಿಗುತ್ತದೆ. ಆದರೆ ಆ ಮೇಲ್ಮೈಯ ಮೇಲೆ ಅಂಟುವ ಜಾಗಗಳು ಎಣಿಕೆಯವು, ಮತ್ತು ಯಾರಿಗೆ ಯಾವ ಜಾಗ ಒಗ್ಗುತ್ತದೆ ಎಂಬುದು ರಾಸಾಯನಿಕ ಸ್ವಭಾವಕ್ಕೆ ಬಿಟ್ಟದ್ದು. ಅಲ್ಯೂಮಿನಾದ ಮೇಲ್ಮೈ ಸುಮಾರು 8ಕ್ಕಿಂತ ಕಡಿಮೆ ಪಿಎಚ್‌ನಲ್ಲಿ ಧನ ವಿದ್ಯುದಂಶ ಹೊತ್ತಿರುತ್ತದೆ, ಋಣ ವಿದ್ಯುದಂಶದ ಫ್ಲೋರೈಡನ್ನು ತನ್ನತ್ತ ಸೆಳೆಯುತ್ತದೆ. ಅದು ಅತ್ಯಂತ ಚೆನ್ನಾಗಿ ಕೆಲಸ ಮಾಡುವುದು ಪಿಎಚ್ 5.5ರಿಂದ 6ರ ಆಸುಪಾಸಿನಲ್ಲಿ. ನಿಮ್ಮ ಬಟ್ಟಿ ನೀರು ಹೆಚ್ಚುಕಡಿಮೆ ಅಲ್ಲಿಯೇ ಇತ್ತು. ಕೊಳವೆಬಾವಿಯ ನೀರು 8.2ರಲ್ಲಿದೆ, ಅಲ್ಲಿ ಮೇಲ್ಮೈಯ ಸೆಳೆತ ಬಹುಪಾಲು ಇಲ್ಲವಾಗಿರುತ್ತದೆ, ಹೈಡ್ರಾಕ್ಸೈಡ್ ಅಯಾನುಗಳು ಅದೇ ಜಾಗಕ್ಕೆ ಬಂದು ಕೂರುತ್ತವೆ, ಮೇಲಿಂದ ಬೈಕಾರ್ಬೊನೇಟ್. ಜಾತ್ರೆಯ ದಿನ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವಲ್ ಹಾಕಿ ಸೀಟು ಹಿಡಿಯುವವರಂತೆ, ಲೀಟರಿಗೆ 3 ಮಿಲಿಗ್ರಾಂ ಇರುವ ಫ್ಲೋರೈಡ್ ಬರುವಷ್ಟರಲ್ಲಿ ಲೀಟರಿಗೆ ನೂರಾರು ಮಿಲಿಗ್ರಾಂ ಇರುವ ಬೈಕಾರ್ಬೊನೇಟ್ ಸೀಟು ಹಿಡಿದಾಗಿರುತ್ತದೆ.

ಇನ್ನೂ ಒಂದು ಮಾತಿದೆ, ನನ್ನ ಮಟ್ಟಿಗೆ ಇದೇ ಮುಖ್ಯವಾದದ್ದು. ನಮ್ಮ ಬಯಲುಸೀಮೆಯ ಗ್ರಾನೈಟ್ ಮತ್ತು ನೈಸ್ ಬಂಡೆಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚುವುದು ಎಲ್ಲಿ? ಕ್ಯಾಲ್ಸಿಯಂ ಕಡಿಮೆಯಿದ್ದು, ಸೋಡಿಯಂ ಮತ್ತು ಬೈಕಾರ್ಬೊನೇಟ್ ಹೆಚ್ಚಿರುವ, ಪಿಎಚ್ ಏರಿದ ನೀರಿನಲ್ಲಿ. ಕ್ಯಾಲ್ಸಿಯಂ ಸಾಕಷ್ಟಿದ್ದರೆ ಅದು ಫ್ಲೋರೈಡನ್ನು ಕ್ಯಾಲ್ಸಿಯಂ ಫ್ಲೋರೈಡ್ ಆಗಿ ಕೆಳಗಿಳಿಸಿ ಒಂದು ಮಿತಿಯಲ್ಲಿ ಇಡುತ್ತದೆ. ಅಂದರೆ, ಯಾವ ಭೂಗುಣ ನೀರಿನಲ್ಲಿ ಫ್ಲೋರೈಡನ್ನು ಹೆಚ್ಚಿಸುತ್ತದೆಯೋ ಅದೇ ಭೂಗುಣ ಅಲ್ಯೂಮಿನಾದ ಕೈಯನ್ನೂ ಕಟ್ಟಿಹಾಕುತ್ತದೆ. ಈ ಎರಡನ್ನೂ ಬಿಡಿಸಿ ನೋಡದೆ ಬಟ್ಟಿ ನೀರಿನಲ್ಲಿ ಮಾಡಿದ ಪ್ರಯೋಗ ನಮ್ಮ ಊರುಗಳಿಗೆ ಉತ್ತರವಾಗಲಾರದು.

ಈಗ ಹುಸ್ಸಾಮ್ ಅವರ ವಿಷಯ. ಅವರು ಕುಷ್ಟಿಯಾದವರು, ಅಮೆರಿಕದ ವರ್ಜೀನಿಯಾದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿ ಕೆಲಸ ಮಾಡಿದವರು. ಅತಿಸಾರದಿಂದ ಮಕ್ಕಳು ಸಾಯುವುದನ್ನು ತಪ್ಪಿಸಲು 1970ರ ದಶಕದಿಂದ ಬಾಂಗ್ಲಾದೇಶದ ಉದ್ದಗಲಕ್ಕೂ ಕೊಳವೆಬಾವಿಗಳನ್ನು ಹಾಕಿದ್ದರು. 1990ರ ದಶಕದಲ್ಲಿ ಅವುಗಳ ನೀರಿನಲ್ಲಿ ಆರ್ಸೆನಿಕ್ ಇರುವುದು ಬೆಳಕಿಗೆ ಬಂತು. ಜನಸಮುದಾಯವೊಂದಕ್ಕೆ ತಗುಲಿದ ಇತಿಹಾಸದ ಅತಿ ದೊಡ್ಡ ವಿಷಪ್ರಾಶನ ಇದು ಎಂದು 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲೇ ಬರೆಯಲಾಯಿತು. ಹುಸ್ಸಾಮ್ ಮೂಲತಃ ಅಳೆಯುವ ರಸಾಯನಶಾಸ್ತ್ರದವರು. ಅವರು ಮೊದಲು ಮಾಡಿದ್ದು ಫಿಲ್ಟರನ್ನಲ್ಲ, ನೀರಿನಲ್ಲಿನ ಆರ್ಸೆನಿಕ್ ಅನ್ನು ನಂಬಿಕೆಗೆ ಅರ್ಹವಾಗಿ ಅಳೆಯುವ ವಿದ್ಯುದ್ರಾಸಾಯನಿಕ ವಿಧಾನವನ್ನು. ಅದರಲ್ಲಿ ಅಳೆದಾಗ ತಮ್ಮ ಮನೆಯವರು ಕುಡಿಯುತ್ತಿದ್ದ ಬಾವಿಯಲ್ಲೇ ಆರ್ಸೆನಿಕ್ ಇರುವುದು ತಿಳಿಯಿತು. ಅಲ್ಲಿಂದ, ಕುಷ್ಟಿಯಾದಲ್ಲಿದ್ದ ಸಹೋದರ ಮುನೀರ್ ಅವರೊಂದಿಗೆ ಸೇರಿ ಫಿಲ್ಟರಿನ ಕೆಲಸ ಶುರುವಾಯಿತು.

ಮೊದಲಿನದು ಒಂದರ ಮೇಲೊಂದು ಇಟ್ಟ ಮೂರು ಮಣ್ಣಿನ ಕೊಡಗಳು. ಕಬ್ಬಿಣದ ಚೂರುಗಳು ತುಕ್ಕು ಹಿಡಿದು ಗಟ್ಟಿಯಾಗಿ ಕಟ್ಟಿಕೊಂಡು ನೀರು ಇಳಿಯುವುದೇ ನಿಲ್ಲುತ್ತಿತ್ತು. ಎರಕದ ಕಬ್ಬಿಣದ ಚೂರುಗಳನ್ನು ಸಂಸ್ಕರಿಸಿ, ರಂಧ್ರಗಳುಳ್ಳ ಒಂದು ಗಟ್ಟಿ ಪದರವನ್ನು ಮಾಡಿಕೊಂಡ ಮೇಲೆ ಆ ತೊಂದರೆ ನಿಂತಿತು. ಆ ಪದರದ ಕೆಲಸವನ್ನು ಗಮನಿಸಿ: ಕಬ್ಬಿಣ ನಿಧಾನವಾಗಿ ತುಕ್ಕು ಹಿಡಿಯುತ್ತದೆ, ಆ ಹೊಸ ತುಕ್ಕಿನ ಮೇಲ್ಮೈಗೆ ಆರ್ಸೆನಿಕ್ ಬಲವಾಗಿ ಅಂಟುತ್ತದೆ, ಮತ್ತೆ ಕಬ್ಬಿಣ ತುಕ್ಕು ಹಿಡಿದು ಮತ್ತೊಂದಿಷ್ಟು ಹೊಸ ಮೇಲ್ಮೈ ಹುಟ್ಟುತ್ತದೆ. ಬಸ್ಸು ಓಡುತ್ತಿರುವಾಗಲೇ ಹೊಸ ಸೀಟುಗಳು ಸೇರುತ್ತಾ ಹೋದಂತೆ ಇದು. ಅಲ್ಲಿನ ನೀರಿನಲ್ಲೇ ಕರಗಿರುವ ಕಬ್ಬಿಣವೂ ಗಾಳಿ ಸೋಕಿದೊಡನೆ ತುಕ್ಕಾಗಿ ಇದಕ್ಕೆ ಕೂಡಿಕೊಳ್ಳುತ್ತದೆ. ಫಿಲ್ಟರ್ ವರ್ಷಗಟ್ಟಲೆ ಬಾಳುವ ಗುಟ್ಟು ಇದು. ಆ ಕೆಲಸಕ್ಕೆ 2007ರಲ್ಲಿ ಅಮೆರಿಕದ ರಾಷ್ಟ್ರೀಯ ಎಂಜಿನಿಯರಿಂಗ್ ಅಕಾಡೆಮಿ 10 ಲಕ್ಷ ಡಾಲರಿನ ಗ್ರೇಂಜರ್ ಬಹುಮಾನ ಕೊಟ್ಟಿತು. ಅದರ ಬಹುಪಾಲನ್ನು ಅವರು ಫಿಲ್ಟರ್ ಹಂಚುವುದಕ್ಕೇ ತೆಗೆದಿಟ್ಟರು.

ಆದರೆ ಕಬ್ಬಿಣದ ತುಕ್ಕಿಗೂ ಆರ್ಸೆನಿಕ್‌ಗೂ ಇರುವ ನಂಟು ತುಕ್ಕಿಗೂ ಫ್ಲೋರೈಡಿಗೂ ಇಲ್ಲ. ಫ್ಲೋರೈಡಿನ ನಂಟು ಅಲ್ಯೂಮಿನಿಯಂ ಜೊತೆ, ಕ್ಯಾಲ್ಸಿಯಂ ಜೊತೆ. ಹಾಗಾಗಿ ನಿಮ್ಮ ಪ್ರಶ್ನೆಗೆ ನೇರ ಉತ್ತರ: ಸೋನೋ ಫಿಲ್ಟರ್ ಪಾವಗಡಕ್ಕೆ ಒದಗುವುದಿಲ್ಲ. ಅವರು ಕೆಲಸ ಮಾಡಿದ ಕ್ರಮ ಒದಗುತ್ತದೆ: ಮೊದಲು ಊರಿನ ನೀರನ್ನು ಪೂರ್ತಿ ಅಳೆದು ತಿಳಿಯುವುದು, ಆ ನೀರಿನಲ್ಲೇ ಪರೀಕ್ಷಿಸುವುದು, ಕೆಟ್ಟಾಗ ಏಕೆ ಕೆಟ್ಟಿತು ಎಂದು ಹುಡುಕುವುದು.

ಉತ್ತರ 2: ಸಂಶೋಧನಾ ವಿದ್ಯಾರ್ಥಿ

ಮೇಲಿನ ಸರ್ ಬರೆದದ್ದಕ್ಕೆ ಒಂದು ಲೆಕ್ಕವನ್ನು ಸೇರಿಸುತ್ತೇನೆ. ಅಧಿಶೋಷಣೆಯ ಪ್ರಬಂಧಗಳನ್ನು ಓದುವಾಗ ನಮ್ಮ ಕಣ್ಣು ಮೊದಲು ಹೋಗುವುದು ಗರಿಷ್ಠ ಸಾಮರ್ಥ್ಯದ ಅಂಕಿಗೆ. ಬಾಳೆ ಸಿಪ್ಪೆಯ ಇದ್ದಿಲು, ಕಡಲೆಕಾಯಿ ಹೊಟ್ಟು, ತೆಂಗಿನ ಚಿಪ್ಪು, ಕೆಂಪು ಮಣ್ಣು, ಹೀಗೆ ಯಾವುದನ್ನು ತೆಗೆದುಕೊಂಡರೂ ಗ್ರಾಂಗೆ ಇಷ್ಟು ಮಿಲಿಗ್ರಾಂ ಹಿಡಿಯುತ್ತದೆ ಎಂದು ದಪ್ಪಕ್ಷರದಲ್ಲಿ ಇರುತ್ತದೆ. ನಾನೂ ಮೊದಲ ವರ್ಷ ಅದನ್ನೇ ಬೆನ್ನುಹತ್ತಿದ್ದೆ, ಒಂದು ವರ್ಷ ಹಾಗೆಯೇ ಹೋಯಿತು. ಆ ಅಂಕಿ ಬರುವುದು ಲೀಟರಿಗೆ 50, 100 ಮಿಲಿಗ್ರಾಂ ಫ್ಲೋರೈಡ್ ಹಾಕಿ ಮಾಡಿದ ಪ್ರಯೋಗದಿಂದ. ಅಂಥ ನೀರನ್ನು ನಮ್ಮಲ್ಲಿ ಯಾರೂ ಕುಡಿಯುವುದಿಲ್ಲ.

ಒಂದು ಅಧಿಶೋಷಕದ ಗರಿಷ್ಠ ಸಾಮರ್ಥ್ಯ ಗ್ರಾಂಗೆ 10 ಮಿಲಿಗ್ರಾಂ, ಲ್ಯಾಂಗ್‌ಮ್ಯೂರ್ ಸ್ಥಿರಾಂಕ 0.1 ಎಂದಿಟ್ಟುಕೊಳ್ಳಿ (ನೀರಿನಲ್ಲಿ ಎಷ್ಟು ಉಳಿದಾಗ ಮೇಲ್ಮೈಗೆ ಎಷ್ಟು ಅಂಟಿರುತ್ತದೆ ಎಂದು ಹೇಳುವ ಸಮೀಕರಣದ ಅಂಕಿ ಇದು). ನಮಗೆ ಬೇಕಾದದ್ದು ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂಗೆ ಇಳಿದ ನೀರು. ಆ 1 ಮಿಲಿಗ್ರಾಂನ ಹಂತದಲ್ಲಿ ಲ್ಯಾಂಗ್‌ಮ್ಯೂರ್ ಸಮೀಕರಣಕ್ಕೆ ಅಂಕಿಗಳನ್ನು ಹಾಕಿ ನೋಡಿ: ಗ್ರಾಂಗೆ 0.9 ಮಿಲಿಗ್ರಾಂ ಮಾತ್ರ ಹಿಡಿಯುತ್ತದೆ, 10 ಅಲ್ಲ. ಒಂದು ಮನೆಗೆ ದಿನಕ್ಕೆ 20 ಲೀಟರ್ ನೀರು, 3ರಿಂದ 1ಕ್ಕೆ ಇಳಿಸಬೇಕು ಎಂದರೆ ದಿನಕ್ಕೆ 40 ಮಿಲಿಗ್ರಾಂ ಫ್ಲೋರೈಡ್ ತೆಗೆಯಬೇಕು. ಮೂರು ಕಿಲೋ ಅಧಿಶೋಷಕ ದಪ್ಪಕ್ಷರದ ಅಂಕಿಯ ಪ್ರಕಾರ ಎರಡು ವರ್ಷ ದಾಟಿ ಬರಬೇಕು. ಈ ಲೆಕ್ಕದ ಪ್ರಕಾರ ಎರಡು ತಿಂಗಳು ಕಳೆದು ಒಂದು ವಾರಕ್ಕೆ ಮುಗಿಯುತ್ತದೆ. ಬೈಕಾರ್ಬೊನೇಟಿನ ಪೈಪೋಟಿಯನ್ನು ಇನ್ನೂ ಸೇರಿಸಿಲ್ಲ.

ಇಲ್ಲಿಯೇ ಇನ್ನೊಂದು ಸೂಕ್ಷ್ಮವಿದೆ. ಬಕೆಟ್ಟಿನಲ್ಲಿ ಕಲಕಿದರೆ ಅಧಿಶೋಷಕ ಸಮತೋಲನಕ್ಕೆ ಬರುವುದು ಕೊನೆಯಲ್ಲಿ ಉಳಿಯುವ 1 ಮಿಲಿಗ್ರಾಂ ನೀರಿನೊಂದಿಗೆ. ಅದೇ ವಸ್ತುವನ್ನು ಕೊಳವೆಯಲ್ಲಿ ತುಂಬಿ ಮೇಲಿಂದ ನೀರು ಹರಿಸಿದರೆ, ಮೇಲಿನ ಪದರಗಳು ಸಮತೋಲನಕ್ಕೆ ಬರುವುದು ಒಳಬರುವ 3 ಮಿಲಿಗ್ರಾಂ ನೀರಿನೊಂದಿಗೆ. ಆಗ ಅದೇ ಗ್ರಾಂ 2.3 ಮಿಲಿಗ್ರಾಂ ಹಿಡಿಯುತ್ತದೆ. ವಸ್ತು ಒಂದೇ, ಇಟ್ಟ ರೀತಿ ಬೇರೆಯಾದುದಕ್ಕೆ ಎರಡೂವರೆ ಪಟ್ಟು ಲಾಭ. ಆದ್ದರಿಂದ ನಿಮ್ಮ ವಿದ್ಯಾರ್ಥಿಗಳು ಕಲಕುವ ಪ್ರಯೋಗವನ್ನು ಅಲ್ಲಿಗೇ ನಿಲ್ಲಿಸಿ ಒಂದು ಗಾಜಿನ ಕೊಳವೆಯಲ್ಲಿ ಕಾಲಂ ಕಟ್ಟಲಿ. ಜೊತೆಗೆ ಬಟ್ಟಿ ನೀರಿನ ದ್ರಾವಣಕ್ಕೆ ಬರೀ ಬೈಕಾರ್ಬೊನೇಟ್ ಸೇರಿಸಿ ಒಂದು ಸಲ, ಪಿಎಚ್ ಮಾತ್ರ ಏರಿಸಿ ಇನ್ನೊಂದು ಸಲ ಮಾಡಿದರೆ, ನಿಮ್ಮ ಊರಿನ ನೀರಿನಲ್ಲಿ ಯಾವುದು ಎಷ್ಟು ತೊಂದರೆ ಕೊಡುತ್ತಿದೆ ಎಂಬುದು ಬೇರೆಬೇರೆಯಾಗಿ ಕಾಣುತ್ತದೆ. ಈ ಮಟ್ಟದ ಪ್ರಯೋಗ ಪದವಿ ವಿದ್ಯಾರ್ಥಿಗಳ ಕೈಯಲ್ಲಿ ಆಗುವಂಥದ್ದೇ.

ಇನ್ನು ಆರ್ಸೆನಿಕ್ ನಮ್ಮ ರಾಜ್ಯಕ್ಕೆ ಸಂಬಂಧವಿಲ್ಲದ್ದು ಎಂದು ಯಾರೂ ತಿಳಿಯಬಾರದು. ಯಾದಗಿರಿ ಜಿಲ್ಲೆಯ ಹಳೆಯ ಚಿನ್ನದ ಗಣಿ ಪ್ರದೇಶದಲ್ಲಿ, ಭೂವಿಜ್ಞಾನಿಗಳು ಮಂಗಳೂರು ಪಟ್ಟಿ ಎಂದು ಕರೆಯುವ ಕಡೆ, ಕಿರದಳ್ಳಿ ತಾಂಡಾದ ಜನರಲ್ಲಿ ಆರ್ಸೆನಿಕ್‌ನಿಂದಾದ ಚರ್ಮದ ಗಾಯಗಳನ್ನು ದಾಖಲಿಸಿದ ಅಧ್ಯಯನ 2013ರಲ್ಲಿ ಪ್ರಕಟವಾಗಿದೆ. ಅದು ಕರಾವಳಿಯ ಮಂಗಳೂರಲ್ಲ, ಅದೇ ಹೆಸರಿನ ಬೇರೊಂದು ಊರು. ಹುಸ್ಸಾಮ್ ಅವರ ಕಬ್ಬಿಣದ ವಿದ್ಯೆ ಕರ್ನಾಟಕಕ್ಕೆ ಬರುವುದಿದ್ದರೆ ಪಾವಗಡಕ್ಕಿಂತ ಮೊದಲು ಅಂಥ ಊರುಗಳಿಗೆ ಬರಬೇಕು. ಅಲ್ಲಿಯೂ ನೀರಿನಲ್ಲಿ ಫಾಸ್ಫೇಟ್ ಎಷ್ಟು, ಸಿಲಿಕೇಟ್ ಎಷ್ಟು, ಆರ್ಸೆನಿಕ್ ಯಾವ ರೂಪದಲ್ಲಿದೆ ಎಂಬುದನ್ನು ಮೊದಲು ನೋಡಲೇಬೇಕು. ಮೂರು ವೇಲೆನ್ಸಿಯ ಆರ್ಸೆನಿಕ್ ಸಾಮಾನ್ಯ ಪಿಎಚ್‌ನಲ್ಲಿ ವಿದ್ಯುದಂಶವಿಲ್ಲದೆ ಇರುತ್ತದೆ, ಸುಲಭವಾಗಿ ಅಂಟುವುದಿಲ್ಲ. ಐದು ವೇಲೆನ್ಸಿಗೆ ಉತ್ಕರ್ಷಣವಾದ ಮೇಲೆ ಚೆನ್ನಾಗಿ ಅಂಟುತ್ತದೆ.

ಉತ್ತರ 3: ಗ್ರಾಮ ಪಂಚಾಯಿತಿ ನೀರುಗಂಟಿ

ಓದಿದವರ ನಡುವೆ ಬರೆಯಲು ಸಂಕೋಚವಿದ್ದರೂ, ಈ ಅಲ್ಯೂಮಿನಾವನ್ನು ಕೈಯಾರೆ ತೊಳೆದವನಾಗಿ ಕೆಲವು ಮಾತು ಹೇಳಬೇಕೆನಿಸಿತು. ಸುಮಾರು ಹದಿನೈದು ವರ್ಷದ ಹಿಂದೆ ಒಂದು ಸಂಸ್ಥೆಯವರು ನಮ್ಮೂರಿನ ಬೋರ್‌ವೆಲ್ ಕೈಪಂಪಿಗೆ ಅಲ್ಯೂಮಿನಾ ತುಂಬಿದ ಡ್ರಮ್ ಜೋಡಿಸಿದರು. ಬಿಳಿಯ ಸಣ್ಣ ಗುಂಡುಗಳು, ಸಾಬಕ್ಕಿಗಿಂತ ತುಸು ಚಿಕ್ಕವು. ಮೊದಲ ದಿನ ಅವರು ಕಿಟ್ಟಿನಲ್ಲಿ ಪರೀಕ್ಷೆ ಮಾಡಿ ತೋರಿಸಿದಾಗ ಬಣ್ಣ ಬದಲಾದದ್ದನ್ನು ಊರೆಲ್ಲ ನಿಂತು ನೋಡಿತ್ತು.

ತೊಂದರೆ ಬಂದದ್ದು ಎಲ್ಲೆಂದರೆ, ಗುಂಡುಗಳ ಶಕ್ತಿ ಮುಗಿದದ್ದು ನಮಗೆ ಗೊತ್ತಾಗುವುದಿಲ್ಲ. ಮರಳು ಫಿಲ್ಟರ್ ಕಟ್ಟಿಕೊಂಡರೆ ನೀರು ನಿಧಾನವಾಗುತ್ತದೆ, ಕ್ಲೋರಿನ್ ಕಡಿಮೆಯಾದರೆ ವಾಸನೆಯಲ್ಲಿ ತಿಳಿಯುತ್ತದೆ. ಫ್ಲೋರೈಡಿಗೆ ರುಚಿಯಿಲ್ಲ, ಬಣ್ಣವಿಲ್ಲ, ವಾಸನೆಯಿಲ್ಲ. ಮೂರು ತಿಂಗಳಿಗೊಮ್ಮೆ ತೊಳೆಯಬೇಕೆಂದು ಹೇಳಿಕೊಟ್ಟಿದ್ದರು: ಗುಂಡುಗಳನ್ನು ಕಾಸ್ಟಿಕ್ ಸೋಡಾದ ನೀರಿನಲ್ಲಿ ನೆನೆಹಾಕಿ, ತೊಳೆದು, ಆಮೇಲೆ ತೆಳು ಸಲ್ಫ್ಯೂರಿಕ್ ಆಮ್ಲದಲ್ಲಿ ನೆನೆಹಾಕಿ, ಮತ್ತೆ ಒಳ್ಳೆಯ ನೀರಿನಲ್ಲಿ ತೊಳೆಯಬೇಕು. ಎರಡು ಸಲ ನಾನೇ ಮಾಡಿದೆ. ಎರಡನೆಯ ಸಲ ಕಾಸ್ಟಿಕ್ ನೀರು ಸಿಡಿದು ಮುಂಗೈಯ ಚರ್ಮ ಸುಲಿದು ಹೋಯಿತು, ಗುರುತು ಇಂದಿಗೂ ಇದೆ. ಮೂರನೆಯ ಸಲಕ್ಕೆ ಸೋಡಾ ಬರಲಿಲ್ಲ, ಕಿಟ್ಟಿನ ಔಷಧಿಯೂ ಮುಗಿದಿತ್ತು. ಆದರೂ ಜನ ಅದೇ ಡ್ರಮ್ಮಿನ ನೀರನ್ನು ಒಳ್ಳೆಯ ನೀರೆಂದು ಎರಡು ವರ್ಷ ಕುಡಿದರು. ಅದನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ, ಏಕೆಂದರೆ ಆ ನೀರು ಹಿಡಿಯಿರಿ ಎಂದು ಮನೆಮನೆಗೆ ಹೇಳಿದವನು ನಾನೇ.

ಈಗ ಊರಿನಲ್ಲಿ ಆರ್‌ಓ ಘಟಕವಿದೆ, 5 ರೂಪಾಯಿ ನಾಣ್ಯ ಹಾಕಿದರೆ 20 ಲೀಟರಿನ ಕ್ಯಾನ್ ತುಂಬುತ್ತದೆ. ಅದು ಕೆಟ್ಟು ನಿಂತ ದಿನ ಮತ್ತೆ ಬೋರ್‌ವೆಲ್ ನೀರೇ ಗತಿ. ಹಾಗಾಗಿ ಮನೆಯಲ್ಲೇ ಆಗುವ ಫಿಲ್ಟರ್ ಬೇಕೆಂಬ ಮೇಡಂ ಅವರ ಆಸೆ ನನಗೂ ಇದೆ. ಹೊಸದಾಗಿ ಮಾಡುವವರಲ್ಲಿ ನನ್ನ ಕೇಳಿಕೆ ಇಷ್ಟೇ: ಗುಂಡುಗಳ ಶಕ್ತಿ ಮುಗಿದದ್ದು ನೀರು ಹಿಡಿಯುವ ಹೆಂಗಸರ ಕಣ್ಣಿಗೇ ಕಾಣುವಂಥ ಒಂದು ಗುರುತನ್ನು ಫಿಲ್ಟರಿನಲ್ಲೇ ಇಡಿ.

ಪಾವಗಡದ ಅಧ್ಯಾಪಕಿ

ಮೂವರಿಗೂ ಮನಸಾರೆ ಕೃತಜ್ಞತೆಗಳು. ನೀರುಗಂಟಿ ಅಣ್ಣನವರ ಬರಹವನ್ನು ನಿನ್ನೆ ತರಗತಿಯಲ್ಲಿ ಓದಿದಾಗ ಯಾರೂ ಮಾತನಾಡಲಿಲ್ಲ. ಆಮೇಲೆ ಆ ಹುಡುಗಿಯೇ, ವೇಲನ್ನು ಬಾಯಿಗೆ ಹಿಡಿಯುವುದನ್ನೂ ಮರೆತು, ತೊಳೆದ ಕಾಸ್ಟಿಕ್ ನೀರಿನಲ್ಲಿ ಅಷ್ಟೂ ಫ್ಲೋರೈಡ್ ಇರಬೇಕಲ್ಲವೇ ಮೇಡಂ, ಅದನ್ನು ಎಲ್ಲಿ ಚೆಲ್ಲಿದರು ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಸಂಶೋಧನಾ ವಿದ್ಯಾರ್ಥಿಯವರು ಹೇಳಿದ ಕಾಲಮ್ಮನ್ನು ಸೋಮವಾರ ಕಟ್ಟುತ್ತೇವೆ. ಅಷ್ಟರೊಳಗೆ ಈ ಪ್ರಶ್ನೆಗೆ ಯಾರಾದರೂ ಬರೆದರೆ ಉಪಕಾರವಾಗುತ್ತದೆ.

ನೀರಿನ ಪ್ರಯೋಗಾಲಯದಿಂದ ನಿವೃತ್ತ

ಆ ಮಗುವಿಗೆ ನನ್ನ ಅಭಿನಂದನೆ ತಿಳಿಸಿ. ಅಧಿಶೋಷಣೆ ಮಾಲಿನ್ಯವನ್ನು ನಾಶ ಮಾಡುವುದಿಲ್ಲ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ದು ಕೂಡಿಡುತ್ತದೆ. ಆದ್ದರಿಂದ ಕೂಡಿಟ್ಟದ್ದನ್ನು ಎಲ್ಲಿ ಇಡುವುದು ಎಂಬುದು ವಿನ್ಯಾಸದ ಒಳಗೇ ಇರಬೇಕಾದ ಪ್ರಶ್ನೆ. ಬಂಗಾಳದ ಉದಾಹರಣೆ ಇಲ್ಲಿ ಬಹಳ ಕಲಿಸುತ್ತದೆ. ಅಲ್ಲಿನ ನೆಲದಡಿಯ ಮೆಕ್ಕಲು ಮಣ್ಣಿನಲ್ಲಿ ಆರ್ಸೆನಿಕ್ ಕಬ್ಬಿಣದ ತುಕ್ಕಿಗೆ ಅಂಟಿಕೊಂಡೇ ಇತ್ತು. ಆಮ್ಲಜನಕವಿಲ್ಲದ ಆಳದಲ್ಲಿ ಸೂಕ್ಷ್ಮಜೀವಿಗಳು ಆ ತುಕ್ಕನ್ನು ಕರಗಿಸಿದಾಗ ಆರ್ಸೆನಿಕ್ ಬಿಡುಗಡೆಯಾಗಿ ನೀರಿಗೆ ಬಂತು. ನೆಲದೊಳಗೆ ಬಿಚ್ಚಿಹೋದ ಗಂಟನ್ನು ಫಿಲ್ಟರ್ ಮತ್ತೆ ಕಟ್ಟುತ್ತದೆ. ಹಾಗಿರುವಾಗ ಬಳಸಿದ ಕಬ್ಬಿಣವನ್ನು ಗಾಳಿಯಾಡದ ತಿಪ್ಪೆಗುಂಡಿಯಲ್ಲೋ ಕೆರೆಯ ಕೆಸರಿನಲ್ಲೋ ಹೂತರೆ ಗಂಟು ಮತ್ತೆ ಬಿಚ್ಚಿಕೊಳ್ಳಬಹುದು. ಪಶ್ಚಿಮ ಬಂಗಾಳದಲ್ಲಿ ಬಾವಿಗಳಿಗೆ ಅಧಿಶೋಷಣೆಯ ಘಟಕ ಹಾಕಿದ ಲೀಹೈ ವಿಶ್ವವಿದ್ಯಾಲಯದ ಅರೂಪ್ ಸೇನ್‌ಗುಪ್ತ ಅವರ ತಂಡ ಇದನ್ನು ಅರಿತು, ತೊಳೆದ ದ್ರಾವಣದಿಂದ ಆರ್ಸೆನಿಕ್ ಅನ್ನು ಕಬ್ಬಿಣದೊಂದಿಗೆ ಗಸಿಯಾಗಿ ಇಳಿಸಿ, ಆ ಗಸಿಯನ್ನು ಗಾಳಿಯಾಡುವ ದಪ್ಪ ಮರಳಿನ ಮೇಲೆ ಇಡುವ ವ್ಯವಸ್ಥೆ ಮಾಡಿತು.

ಫ್ಲೋರೈಡಿನ ಕಾಸ್ಟಿಕ್ ನೀರಿಗೂ ಇಂಥದೇ ಉಪಾಯವಿದೆ. ಅದನ್ನು ಚರಂಡಿಗೆ ಬಿಡದೆ, ಕ್ಯಾಲ್ಸಿಯಂ ಕ್ಲೋರೈಡ್ ಸೇರಿಸಿ, ಆಮ್ಲದಿಂದ ತಟಸ್ಥಕ್ಕೆ ತಂದು ಒಂದು ರಾತ್ರಿ ಬಿಟ್ಟರೆ ಹೆಚ್ಚಿನ ಪಾಲು ಕ್ಯಾಲ್ಸಿಯಂ ಫ್ಲೋರೈಡ್ ಆಗಿ ತಳದಲ್ಲಿ ಕೂರುತ್ತದೆ. ಮೇಲಿನ ನೀರಿನಲ್ಲಿ ಲೀಟರಿಗೆ ಕೆಲವು ಮಿಲಿಗ್ರಾಂ ಫ್ಲೋರೈಡ್ ಉಳಿದೇ ಇರುತ್ತದೆ, ಹಾಗಾಗಿ ಅದನ್ನೂ ಬಾವಿಯ ಬಳಿ ಚೆಲ್ಲಬಾರದು. ನಿಮ್ಮ ಮಕ್ಕಳು ಕಾಲಂ ಜೊತೆಗೆ ಇದನ್ನೂ ಅಳೆಯಲಿ. ನೀರುಗಂಟಿಯವರೇ, ನೀವು ಅಂದು ಅದನ್ನು ಏನು ಮಾಡಿದಿರಿ?

ಗ್ರಾಮ ಪಂಚಾಯಿತಿ ನೀರುಗಂಟಿ

ಸರ್, ಎರಡು ಸಲವೂ ಪಂಪಿನ ಕಟ್ಟೆಯ ಪಕ್ಕದ ಕಾಲುವೆಗೇ ಬಿಟ್ಟೆ. ಹಾಗೆ ಬಿಡಬಾರದೆಂದು ಯಾರೂ ಹೇಳಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಆ ಕಾಲುವೆ ಬೋರ್‌ವೆಲ್‌ನಿಂದ ಹತ್ತು ಹೆಜ್ಜೆಯೂ ಇಲ್ಲ. ಗುಂಡುಗಳು ಮಾತ್ರ ಎರಡು ಗೋಣಿಚೀಲದಲ್ಲಿ ಹಳೆಯ ಪಂಪ್‌ಹೌಸಿನ ಮೂಲೆಯಲ್ಲಿ ಇನ್ನೂ ಇವೆ, ಛಾವಣಿ ಸೋರುವುದರಿಂದ ಒಂದು ಚೀಲ ಪ್ರತಿ ಮಳೆಗಾಲದಲ್ಲೂ ನೆನೆಯುತ್ತದೆ. ಮೇಡಂ ಅವರ ಮಕ್ಕಳಿಗೆ ಪರೀಕ್ಷೆಗೆ ಬೇಕಾದರೆ ಆ ಚೀಲದ ಗುಂಡುಗಳನ್ನೂ, ಕಾಲುವೆಯ ಮಣ್ಣನ್ನೂ, ಬೋರ್‌ವೆಲ್ ನೀರನ್ನೂ ಬೇರೆಬೇರೆ ಕ್ಯಾನಿನಲ್ಲಿ ತುಂಬಿ ಭಾನುವಾರವೇ ತಂದುಕೊಡುತ್ತೇನೆ.